ಐದು ವರ್ಷ ಅಂದರೆ ಐದೇ ವರ್ಷವಲ್ಲ

ಮೂಡಿಗೆರೆ ಹತ್ತಿರ ತೋಟ ಮಾಡಿಕೊಂಡಿರುವ ನಮ್ಮ ಸೋದರಮಾವನಿಗೆ ಎಡಗಿವಿ ಕಟ್ಟಿಕೊಂಡ ಹಾಗಾಗಿತ್ತು. ಗುಗ್ಗೆ ಇರಬೇಕು ಅಂತ ಎಣ್ಣೆ ಬಿಟ್ಟುಕೊಂಡು ಕಾಫಿ ಕೊಯ್ಲು ಮುಗಿಸಿದರು. ಕತ್ತಿನಲ್ಲಿ ಗಂಟು ಕಂಡ ಮೇಲೆ ಬೆಂಗಳೂರಿಗೆ ಹೋದರು. ಮೂಗಿನ ಹಿಂದೆ, ಕಿರುನಾಲಿಗೆಯ ಮೇಲ್ಗಡೆ ಇರುವ ಜಾಗದಲ್ಲಿ ಕ್ಯಾನ್ಸರ್ ಇತ್ತು. ಕಿವಿಗೆ ಗಾಳಿ ಹೋಗುವ ಕೊಳವೆ ಅಲ್ಲೇ ಬಾಯಿ ತೆರೆಯುತ್ತದೆ. ಗಡ್ಡೆ ಅದನ್ನು ಒತ್ತಿದರೆ ಕಿವಿಯೊಳಗೆ ನೀರು ತುಂಬುತ್ತದೆ. ದೊಡ್ಡವರಿಗೆ ಒಂದೇ ಕಿವಿ ವಾರಗಟ್ಟಲೆ ಕಟ್ಟಿಕೊಂಡಿದ್ದರೆ ಮೂಗಿನ ಹಿಂದೆಯೂ ನೋಡಿಸಬೇಕು.

ಡಾಕ್ಟರು ಹೇಳಿದ್ದು ಇಷ್ಟು: "ಈ ಹಂತದಲ್ಲಿ ಐದು ವರ್ಷದ ಲೆಕ್ಕ ತಗೊಂಡ್ರೆ 100ಕ್ಕೆ 70 ಜನ ಬದುಕಿರ್ತಾರೆ." ಅತ್ತೆ ಹೊರಗೆ ಬಂದು ಅತ್ತುಬಿಟ್ಟರು. "ಐದೇ ವರ್ಷ ಅಂತಲ್ಲೋ!"

ಹಾಗಲ್ಲ. ಐದನೇ ವರ್ಷ ತಲೆ ಎಣಿಸುವ ದಿನ ಅಷ್ಟೇ. ಆ 70 ಜನರಲ್ಲಿ ಎಷ್ಟೋ ಮಂದಿ ಇಪ್ಪತ್ತು ವರ್ಷವೂ ಬದುಕುತ್ತಾರೆ. ಈ ರೋಗ ಮರಳಿದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದಲ್ಲೇ ಮರಳುತ್ತದೆ. ಅದಕ್ಕೇ ಐದರ ಗಡಿ.

ಈ 70 ಅನ್ನು ಹೇಗೆ ಎಣಿಸುತ್ತಾರೆ ಅಂತ ಅತ್ತೆಗೆ ನಾನು ತೋಟದ ಲೆಕ್ಕದಲ್ಲೇ ಹೇಳಿದೆ. ನೂರು ಕಾಫಿ ಗಿಡ ನೆಟ್ಟಿರಿ. ಮೂರನೇ ವರ್ಷ ಒಂದು ಮೂಲೆ ಮಾರಿದಿರಿ. ಅಲ್ಲಿನ ಹತ್ತು ಗಿಡ ಸತ್ತವು ಅನ್ನೋಕಾಗಲ್ಲ, ಐದು ವರ್ಷ ಉಳಿದವು ಅಂತಲೂ ಬರೆಯೋಕಾಗಲ್ಲ. ಮಾರಿದ ದಿನದವರೆಗೆ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಊರಿಗೆ ಹೋಗಿ ಮತ್ತೆ ಆಸ್ಪತ್ರೆಗೆ ಬಾರದ ರೋಗಿಗಳನ್ನೂ ಹೀಗೇ ಎಣಿಸುತ್ತಾರೆ. 1958ರಲ್ಲಿ ಕಪ್ಲಾನ್ ಮತ್ತು ಮೈಯರ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಕೊಟ್ಟ ದಾರಿ ಇದು.

ಮೂಗಿನ ಹಿಂದಿನ ಈ ಜಾಗ ತಲೆಬುರುಡೆಯ ತಳಕ್ಕೆ ಅಂಟಿಕೊಂಡಿದೆ. ಸುತ್ತ ನರ, ರಕ್ತನಾಳ. ಕತ್ತರಿ ಹಾಕುವುದು ಬಹಳ ಕಷ್ಟ. ಆದರೆ ಈ ಕ್ಯಾನ್ಸರ್ ವಿಕಿರಣಕ್ಕೆ, ನಮ್ಮ ಕಡೆ 'ಕರೆಂಟ್ ಕೊಡೋದು' ಅನ್ನುತ್ತಾರಲ್ಲ ಅದಕ್ಕೆ, ಚೆನ್ನಾಗಿ ಬಗ್ಗುತ್ತದೆ. ಸಾಮಾನ್ಯವಾಗಿ ಒಟ್ಟು 70 ಗ್ರೇ (ಮೈಗೆ ತಾಗುವ ವಿಕಿರಣ ಅಳೆಯುವ ಮಾನ). ದಿನಕ್ಕೆ ಸುಮಾರು 2 ಗ್ರೇ, ವಾರಕ್ಕೆ ಐದು ದಿನ, ಏಳು ವಾರ. ಒಂದೇ ಸಲ ಕೊಟ್ಟರೆ ಒಳ್ಳೆಯ ಜೀವಕೋಶವೂ ಉಳಿಯುವುದಿಲ್ಲ. ಸ್ವಲ್ಪ ಸ್ವಲ್ಪ ಕೊಟ್ಟರೆ ಅದು ಮಾರನೇ ದಿನದೊಳಗೆ ರಿಪೇರಿ ಮಾಡಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಕ್ಕೆ ಆ ರಿಪೇರಿ ಅಷ್ಟು ಚೆನ್ನಾಗಿ ಬರುವುದಿಲ್ಲ.

ಆದರೆ ನಾಲ್ಕು ವಾರ ಕಳೆದ ಮೇಲೆ ಅಳಿದುಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ಬೇಗ ಬೇಗ ಹೆಚ್ಚಿಕೊಳ್ಳುತ್ತವೆ. ಆಗ ಬಿಟ್ಟ ಒಂದೊಂದು ದಿನವೂ ಅವಕ್ಕೆ ಲಾಭ. ಕೊಯ್ಲು ಇದೆ, ಮದುವೆ ಇದೆ, ಬಾಯಿ ಹುಣ್ಣಾಗಿ ಊಟ ಸೇರುತ್ತಿಲ್ಲ ಅಂತ ಊರಿಗೆ ಬಂದು ಕೂರುವವರನ್ನು ನಾನು ನೋಡಿದ್ದೇನೆ. ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ಓಡಾಡೋಕಾಗಲ್ಲ ಅಲ್ವಾ? ಸಾಲ ಮಾಡಿಯಾದರೂ ಏಳು ವಾರಕ್ಕೆ ಅಲ್ಲೇ ಒಂದು ರೂಮು ಹಿಡಿಯಿರಿ ಅಂತ ನಾನು ಕೈಮುಗಿದು ಹೇಳುತ್ತೇನೆ.

ಡಾಕ್ಟರು ಹೇಳಿದ 100ಕ್ಕೆ 70 ಅನ್ನುವುದು ಹಣೆಬರಹವೂ ಅಲ್ಲ. 1998ರಲ್ಲಿ ಅಮೆರಿಕದ ಒಂದು ಪ್ರಯೋಗದ ಫಲಿತಾಂಶ ಬಂತು. ರೋಗ ಬೆಳೆದಿದ್ದವರಲ್ಲಿ ಬರೀ ವಿಕಿರಣ ಪಡೆದವರ ಪೈಕಿ ಮೂರು ವರ್ಷಕ್ಕೆ 100ಕ್ಕೆ 47 ಮಂದಿ ಉಳಿದಿದ್ದರು. ಜೊತೆಗೆ ಕೀಮೋ ಕೊಟ್ಟಾಗ 78. ಮೊದಲ ಹಂತದಲ್ಲೇ ಸಿಕ್ಕಿದರೆ ಈಗ ಐದು ವರ್ಷಕ್ಕೆ 90 ದಾಟುತ್ತದೆ. ಈ ರೋಗ ದಕ್ಷಿಣ ಚೀನಾದಲ್ಲಿ, ನಮ್ಮ ನಾಗಾಲ್ಯಾಂಡಿನಲ್ಲಿ ಜಾಸ್ತಿ, ನಮ್ಮ ಕಡೆ ಅಪರೂಪ. ಹಾಗಾಗಿಯೇ ಯಾರಿಗೂ ಬೇಗ ಹೊಳೆಯುವುದಿಲ್ಲ.

ಮಾವನಿಗೆ ಈಗ ಏಳನೇ ವರ್ಷ. ಜೊಲ್ಲಿನ ಗ್ರಂಥಿಗಳಿಗೂ ಕರೆಂಟು ತಾಗಿದ್ದರಿಂದ ಬಾಯಿ ಒಣಗುತ್ತದೆ, ತೋಟಕ್ಕೆ ಹೋಗುವಾಗ ಕೈಯಲ್ಲಿ ನೀರಿನ ಬಾಟಲಿ ಇರಲೇಬೇಕು. ಅಕ್ಕಿರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ. ಜೊಲ್ಲು ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುತ್ತದೆ. ಹಾಗಂತ ಹಲ್ಲು ಕೀಳಿಸಿದರೆ ಕರೆಂಟು ತಾಗಿದ ದವಡೆಯ ಗಾಯ ಸುಲಭಕ್ಕೆ ಮಾಯುವುದಿಲ್ಲ. ಹೋದ ವಾರ ಹಲ್ಲು ನೋವು ಅಂದಾಗ ಅತ್ತೆ ಹಳೇ ಫೈಲನ್ನು ಕೈಗೆ ಕೊಟ್ಟು, "ಕರೆಂಟ್ ಕೊಡಿಸಿದ್ದು ಮೊದ್ಲು ಹೇಳಿ, ಆಮೇಲೆ ಬಾಯಿ ಬಿಡಿ" ಅಂತ ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದರು.