ಹಿತ್ತಾಳೆಯ ಹಠ ಮತ್ತು ಮೊದಲ ಡೈ

ಅಕ್ಕನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಹೋದ ತಿಂಗಳು ಒಂದು ಭಾನುವಾರ ಫೋನ್ ಮಾಡಿದ. ‘ಮಾಮಾ, ನೀವು ಇಷ್ಟು ವರ್ಷ ಡೈ ಮಾಡಿದ್ದೀರಿ. ನನಗೆ 9 ಎಂಎಂ ಪಿಸ್ತೂಲಿನ ಖಾಲಿ ಕೇಸ್ ಮತ್ತೆ ತುಂಬೋಕೆ ಡೈ ಬೇಕು. ಅಂಗಡೀಲಿ ಮೂರರ ಸೆಟ್ ಇದೆ, ನಾಲ್ಕರ ಸೆಟ್ ಇದೆ. ಸ್ಟೀಲ್ ಇದೆ, ಕಾರ್ಬೈಡ್ ಇದೆ. ಯಾವುದು ತಗೊಳ್ಳಲಿ?’ ಡೈ ಅಂದರೆ ಲೋಹವನ್ನು ಒತ್ತಿ ಆಕಾರ ಕೊಡುವ ಅಚ್ಚು. ಅದನ್ನು ಪ್ರೆಸ್ ಎಂಬ ಒತ್ತುವ ಯಂತ್ರಕ್ಕೆ ಕೂರಿಸುತ್ತಾರೆ.

ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳುವುದು ಬಹಳ ಜನರ ಹವ್ಯಾಸ. ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾ ತಯಾರಿಸಲು ಲೈಸೆನ್ಸ್ ಬೇಕು. ಆದ್ದರಿಂದ ಇಲ್ಲಿ ಯಾರೂ ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಆದರೆ ಅವನ ಪ್ರಶ್ನೆಯ ಒಳಗಿರುವ ವಿಜ್ಞಾನ ನನಗೆ ತುಂಬಾ ಇಷ್ಟ. ಅದು ಬಂದೂಕಿನ ವಿಷಯಕ್ಕಿಂತ ಜಾಸ್ತಿ ಹಿತ್ತಾಳೆಯ ವಿಷಯ.

ಒಂದು ತೋಟಾದಲ್ಲಿ ನಾಲ್ಕು ಭಾಗ. ಮುಂದೆ ಗುಂಡು, ಒಳಗೆ ಮದ್ದು, ತಳದಲ್ಲಿ ಕಿಡಿ ಕೊಡುವ ಪ್ರೈಮರ್, ಇವನ್ನೆಲ್ಲ ಹಿಡಿದಿಡುವ ಹಿತ್ತಾಳೆಯ ಕೇಸ್. ಹಾರಿಸಿದಾಗ ಮೂರು ಖರ್ಚಾಗುತ್ತವೆ. ಕೇಸ್ ಉಳಿಯುತ್ತದೆ. ಅದೇ ದುಬಾರಿ ಭಾಗ, ಅದನ್ನೇ ಮತ್ತೆ ಬಳಸುವುದು.

ಈ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಈ ಹದದ ಹಿತ್ತಾಳೆಯನ್ನು ಹರಿಯದ ಹಾಗೆ ಉದ್ದಕ್ಕೆ ಎಳೆಯಬಹುದು. ಮೊದಲು ಒಂದು ದಪ್ಪ ಬಿಲ್ಲೆ. ಅದನ್ನು ಪಂಚ್‌ನಿಂದ ಡೈಯೊಳಗೆ ಒತ್ತಿದರೆ ಬಟ್ಟಲು. ಬಟ್ಟಲನ್ನು ಇನ್ನೂ ಸಣ್ಣ ಡೈಯಲ್ಲಿ ಎಳೆದರೆ ಲೋಟ, ಮತ್ತೆ ಎಳೆದರೆ ಕೊಳವೆ. ನಡುನಡುವೆ ಕುಲುಮೆಯಲ್ಲಿ ಕಾಯಿಸಬೇಕು, ಯಾಕೆಂದರೆ ಪ್ರತಿ ಎಳೆತಕ್ಕೂ ಹಿತ್ತಾಳೆ ಗಡುಸಾಗುತ್ತದೆ. ನಮ್ಮ ಪುಣೆಯ ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ 1869ರಿಂದ ಇದೆ. ಕಸಬಾ ಪೇಠೆಯ ತಾಂಬಟ ಆಳಿಯಲ್ಲಿ ತಾಮ್ರದ ಹಂಡೆ ಬಡಿಯುವವರಿಗೂ ಇದೇ ಸಂಗತಿ ಗೊತ್ತು. ಸುತ್ತಿಗೆ ಏಟು ಬಿದ್ದಷ್ಟೂ ತಗಡು ಬಿರುಸಾಗುತ್ತದೆ. ಬೆಂಕಿಗೆ ಹಿಡಿದರೆ ಮತ್ತೆ ಮೆತ್ತಗಾಗುತ್ತದೆ. ಹಂಡೆಯ ಮೈಮೇಲಿನ ಆ ಗುಳಿಗಳು ಬರೀ ಅಂದಕ್ಕಲ್ಲ, ತೆಳ್ಳನೆಯ ತಗಡಿಗೆ ಬಲ ಕೊಡುತ್ತವೆ.

ಇನ್ನು ಗುಂಡು ಹಾರುವ ಕ್ಷಣ. 9 ಎಂಎಂ ತೋಟಾದಲ್ಲಿ ಒತ್ತಡ ಗರಿಷ್ಠ 2350 ಬಾರ್‌ವರೆಗೆ ಹೋಗಬಹುದು. ಕಾರಿನ ಟೈರಿನಲ್ಲಿ ಇರುವುದು ಸುಮಾರು 2.2 ಬಾರ್. ಅಂದರೆ ಸಾವಿರ ಪಟ್ಟು. ಆ ಒತ್ತಡಕ್ಕೆ ತೆಳ್ಳನೆಯ ಹಿತ್ತಾಳೆ ಗೋಡೆ ಉಬ್ಬಿ ನಳಿಗೆಯ ಉಕ್ಕಿಗೆ ಅಂಟಿಕೊಳ್ಳುತ್ತದೆ. ಬಿಸಿ ಗಾಳಿ ಹಿಂದಕ್ಕೆ ನುಗ್ಗಿ ಕೈಸುಡದಂತೆ ತಡೆಯುವುದು ಈ ಉಬ್ಬೇ. ಮರುಕ್ಷಣ ಒತ್ತಡ ಇಳಿಯುತ್ತದೆ. ಹಿತ್ತಾಳೆ ಕೊಂಚ ಕುಗ್ಗಿ ಗೋಡೆ ಬಿಡುತ್ತದೆ. ಆಗಲೇ ಕೇಸ್ ಸಲೀಸಾಗಿ ಹೊರಗೆ ಬರುವುದು. ಹಿತ್ತಾಳೆಯ ಬಿಗಿತ ಉಕ್ಕಿನ ಅರ್ಧದಷ್ಟೇ. ಒಂದೇ ಒತ್ತಡಕ್ಕೆ ಅದು ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ಬಿಟ್ಟಾಗ ಜಾಸ್ತಿ ಹಿಂದೆ ಬರುತ್ತದೆ. ಹಿಡಿಯಲೂ ಗೊತ್ತು, ಬಿಡಲೂ ಗೊತ್ತು. ಇಂಥ ಲೋಹ ಸಿಕ್ಕಿದ್ದು ಎಷ್ಟು ದೊಡ್ಡ ಅದೃಷ್ಟ ಅಲ್ವಾ?

ಆದರೆ ಪೂರ್ತಿ ಹಿಂದೆ ಬರುವುದಿಲ್ಲ. ಕೇಸ್ ಒಂದಿಷ್ಟು ದಪ್ಪಗಾಗಿಯೇ ಉಳಿಯುತ್ತದೆ. ಅದರಲ್ಲಿ ಹೊಸ ಗುಂಡು ಇಟ್ಟರೆ ಸಡಿಲವಾಗಿ ಒಳಗೆ ಜಾರುತ್ತದೆ. ಹಾಗಾಗಿ ಮೊದಲ ಡೈಯ ಕೆಲಸ ಅದನ್ನು ಹಿಂಡಿ ಸಣ್ಣದು ಮಾಡುವುದು. ಇದಕ್ಕೆ ಸೈಜಿಂಗ್ ಡೈ ಅಂತಾರೆ. ಅದರ ನಡುವಿನ ಸೂಜಿ ಹಳೆಯ ಪ್ರೈಮರನ್ನೂ ಕೆಳಗೆ ತಳ್ಳುತ್ತದೆ.

ಎಷ್ಟು ಸಣ್ಣದು ಮಾಡಬೇಕು? ನಾನು ಪುಣೆ ಹತ್ತಿರದ ಭೋಸರಿಯಲ್ಲಿ ಡೈ ತಯಾರಿಸುವ ಟೂಲ್ ರೂಮಿಗೆ ಸೇರಿದ ಹೊಸದರಲ್ಲಿ ತಗಡು ಮಡಿಸುವ ಒಂದು ಡೈ ಮಾಡಿದ್ದೆ. ಡ್ರಾಯಿಂಗಿನಲ್ಲಿ 90 ಡಿಗ್ರಿ ಇತ್ತು, ಡೈಯನ್ನೂ ಸರಿಯಾಗಿ 90ಕ್ಕೇ ಕೊಯ್ದೆ. ಪ್ರೆಸ್‌ನಿಂದ ಹೊರಬಂದ ತಗಡು 92 ಡಿಗ್ರಿಗೆ ತೆರೆದುಕೊಂಡಿತ್ತು. ವಿಜಯಪುರದ ಕಡೆಯ ಹಿರಿಯರೊಬ್ಬರು ನನ್ನ ಮೇಲೆ ನಿಗಾ ಇಡುತ್ತಿದ್ದರು. ಅವರು ಅಂದಿದ್ದು ಇನ್ನೂ ನೆನಪಿದೆ: ‘ತಮ್ಮಾ, ತಗಡು ನಿನ್ನ ಡ್ರಾಯಿಂಗ್ ಓದಂಗಿಲ್ಲ. ಅದು ಎಷ್ಟು ವಾಪಸ್ ಬರ್ತದ ನೋಡು, ಅಷ್ಟು ಹೆಚ್ಚು ಬಗ್ಗಿಸು.’ ಸೈಜಿಂಗ್ ಡೈ ಕೂಡ ಹಾಗೇ. ಬೇಕಾದ ಅಳತೆಗಿಂತ ಸಣ್ಣದಾಗಿಯೇ ಹಿಂಡುತ್ತದೆ. ಹಿತ್ತಾಳೆ ಕೊಂಚ ಹಿಗ್ಗಿದ ಮೇಲೂ ಗುಂಡಿಗೆ ಬಿಗಿ ಉಳಿಯಬೇಕು.

ಈಗ ಸ್ಟೀಲೋ ಕಾರ್ಬೈಡೋ ಅನ್ನುವ ಮಾತು. ಅಳಿಯನಿಗೆ ಹೇಳಿದೆ, ದುಡ್ಡು ಹಾಕುವುದಾದರೆ ಇಲ್ಲಿ ಹಾಕು. ಸ್ಟೀಲ್ ಡೈಯಲ್ಲಿ ಪ್ರತಿ ಕೇಸಿಗೂ ಎಣ್ಣೆಯಂಥ ಲೂಬ್ ಹಚ್ಚಬೇಕು, ಆಮೇಲೆ ಒರೆಸಬೇಕು. ಮರೆತರೆ ಕೇಸ್ ಡೈಯೊಳಗೆ ಕಚ್ಚಿಕೊಂಡು ಕೂರುತ್ತದೆ. ಟಂಗ್‌ಸ್ಟನ್ ಕಾರ್ಬೈಡಿನ ಉಂಗುರ ಇರುವ ಡೈಯಲ್ಲಿ ಪಿಸ್ತೂಲಿನ ನೇರ ಕೇಸ್‌ಗಳಿಗೆ ಲೂಬ್ ಬೇಕಿಲ್ಲ. ಅದು ಅಷ್ಟು ಗಡುಸು, ಅಷ್ಟು ನುಣುಪು, ಹಿತ್ತಾಳೆ ಅಂಟುವುದಿಲ್ಲ. ಕತ್ತು ಕಿರಿದಾದ ರೈಫಲ್ ಕೇಸ್‌ಗಳಿಗೆ ಮಾತ್ರ ಕಾರ್ಬೈಡ್ ಇದ್ದರೂ ಲೂಬ್ ಬೇಕೇ ಬೇಕು.

ಕಾರ್ಬೈಡ್ ಹುಟ್ಟಿದ್ದೇ ಡೈಗಾಗಿ. ಬಲ್ಬಿನ ಒಳಗಿನ ಟಂಗ್‌ಸ್ಟನ್ ತಂತಿಯನ್ನು ಆಗ ವಜ್ರದ ಡೈಗಳಲ್ಲಿ ಎಳೆಯುತ್ತಿದ್ದರು. ವಜ್ರ ದುಬಾರಿ. ಜರ್ಮನಿಯ ಓಸ್ರಾಮ್ ಕಂಪನಿಯಲ್ಲಿ ಕಾರ್ಲ್ ಶ್ರೋಟರ್ ಕಾರ್ಬೈಡಿನ ಪುಡಿಗೆ ಕೋಬಾಲ್ಟ್ ಬೆರೆಸಿ, ಒತ್ತಿ, ಬೇಯಿಸಿದರು. ಅದು 1923ರ ಮಾತು. ಆಮೇಲೆ ಕ್ರುಪ್ ಕಂಪನಿ ಅದನ್ನು ‘ವಿಡಿಯಾ’ ಅಂತ ಮಾರಿತು. ಜರ್ಮನ್ ಭಾಷೆಯಲ್ಲಿ ‘ವಜ್ರದ ಹಾಗೆ’ ಅನ್ನುವ ಮಾತನ್ನು ಮೊಟಕು ಮಾಡಿದ ಹೆಸರು ಅದು. ಒಂದು ಎಚ್ಚರ: ಕಾರ್ಬೈಡ್ ಗಡುಸು, ಆದರೆ ಗಾಜಿನಂತೆ ಪೆಡಸು. ಪ್ರೆಸ್‌ನಲ್ಲಿ ಕೇಸ್ ಹಿಡಿಯುವ ಶೆಲ್ ಹೋಲ್ಡರ್ ಆ ಉಂಗುರಕ್ಕೆ ಗುದ್ದಿದರೆ ಬಿರುಕು ಬಿಡಬಹುದು. ನಡುವೆ ಸ್ವಲ್ಪ ಸಂದು ಬಿಟ್ಟೇ ಡೈ ಕೂರಿಸಬೇಕು.

ಎರಡನೆಯ ಡೈ ಕೇಸಿನ ಬಾಯನ್ನು ತುಸು ಅರಳಿಸುತ್ತದೆ, ಗುಂಡು ಕೂರಿಸುವಾಗ ಅಂಚು ಕೆರೆಯದಿರಲಿ ಅಂತ. ಜಾಸ್ತಿ ಅರಳಿಸಿದರೆ ಬಾಯಿ ಬೇಗ ಸೀಳುತ್ತದೆ. ಮೂರನೆಯದು ಗುಂಡನ್ನು ಒತ್ತಿ ಬೇಕಾದ ಆಳಕ್ಕೆ ಕೂರಿಸುತ್ತದೆ.

ಮೂರರ ಸೆಟ್ಟಿನಲ್ಲಿ ಇದೇ ಮೂರನೆಯ ಡೈ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಅರಳಿದ ಬಾಯನ್ನು ಮತ್ತೆ ಮುಚ್ಚುವುದು. ಇದಕ್ಕೆ ಕ್ರಿಂಪ್ ಅಂತಾರೆ. ಗುಂಡು ಇನ್ನೂ ಕೆಳಗೆ ಇಳಿಯುತ್ತಿರುವಾಗಲೇ ಬಾಯಿ ಮುಚ್ಚತೊಡಗುತ್ತದೆ. ಕಲಿತವರು ಇದನ್ನು ಸರಿಯಾಗಿ ಹೊಂದಿಸುತ್ತಾರೆ. ಹೊಸಬರಿಗೆ ಒಂದೇ ಏಟಿಗೆ ಎರಡು ಅಳತೆ ಹೊಂದಿಸುವುದು ಕಷ್ಟ. ನಾಲ್ಕರ ಸೆಟ್ಟಿನಲ್ಲಿ ಕ್ರಿಂಪ್‌ಗೆ ಬೇರೆ ಡೈ ಇದೆ. ತಪ್ಪಾದರೆ ಯಾವ ಡೈಯಲ್ಲಿ ತಪ್ಪಾಯಿತು ಅಂತ ತಕ್ಷಣ ತಿಳಿಯುತ್ತದೆ. ಅದಕ್ಕೇ ನಾನು ನಾಲ್ಕರದ್ದೇ ತಗೋ ಅಂದೆ.

ಕ್ರಿಂಪ್‌ನಲ್ಲೂ ಎರಡು ಬಗೆ. ಇದನ್ನು ತಿಳಿಯದೆ ಡೈ ತರಬಾರದು. .38 ಸ್ಪೆಷಲ್‌ನಂಥ ರಿವಾಲ್ವರ್ ಕೇಸಿಗೆ ತಳದಲ್ಲಿ ಅಂಚು ಇದೆ, ಅದೇ ಕೇಸನ್ನು ಜಾಗದಲ್ಲಿ ನಿಲ್ಲಿಸುತ್ತದೆ. ಅಲ್ಲಿ ಬಾಯಿಯ ಅಂಚನ್ನು ಒಳಕ್ಕೆ ಮಡಿಸಿ ಗುಂಡಿನ ಸುತ್ತ ಇರುವ ತೋಡಿನಲ್ಲಿ ಕೂರಿಸುತ್ತಾರೆ. ಯಾಕೆ? ಪುಣೆಯ ಪಿಎಂಪಿಎಂಎಲ್ ಸಿಟಿ ಬಸ್ಸು ತಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ? ರಿವಾಲ್ವರ್ ಹಿಂದಕ್ಕೆ ಒದ್ದಾಗ ಉಳಿದ ತೋಟಾಗಳ ಗುಂಡುಗಳು ಹಾಗೇ ಇದ್ದಲ್ಲೇ ಇರಲು ನೋಡುತ್ತವೆ. ಕೇಸ್ ಹಿಂದೆ ಹೋಗುತ್ತದೆ, ಗುಂಡು ಮುಂದೆ ಇಣುಕುತ್ತದೆ. ಜಾಸ್ತಿ ಇಣುಕಿದರೆ ಸಿಲಿಂಡರ್ ತಿರುಗದೆ ಸಿಕ್ಕಿಕೊಳ್ಳುತ್ತದೆ. ಮಡಿಸಿದ ಅಂಚು ಅದನ್ನು ತಡೆಯುತ್ತದೆ.

9 ಎಂಎಂ ಕೇಸಿಗೆ ಅಂಥ ಅಂಚಿಲ್ಲ. ಅದು ನಳಿಗೆಯೊಳಗೆ ನಿಲ್ಲುವುದು ಬಾಯಿಯ ತುದಿಯ ಮೇಲೆ. ಆ ತುದಿಯನ್ನೇ ಒಳಕ್ಕೆ ಮಡಿಸಿದರೆ ನಿಲ್ಲಲು ಮೆಟ್ಟಿಲೇ ಇಲ್ಲವಾಗುತ್ತದೆ. ಆದ್ದರಿಂದ ಇದಕ್ಕೆ ಟೇಪರ್ ಕ್ರಿಂಪ್. ಅರಳಿದ್ದನ್ನು ನೇರ ಮಾಡಿದರೆ ಸಾಕು. ಗುಂಡನ್ನು ಹಿಡಿದಿಡುವುದು ಸೈಜಿಂಗ್ ಡೈ ಕೊಟ್ಟ ಬಿಗಿಯೇ. ಆ ಬಿಗಿ ಕಡಿಮೆಯಾಗಿ, ಪಿಸ್ತೂಲಿಗೆ ಏರುವಾಗ ಗುಂಡು ಒಳಕ್ಕೆ ಸರಿದರೆ ಮದ್ದಿನ ಜಾಗ ಕಿರಿದಾಗುತ್ತದೆ, ಒತ್ತಡ ತಟ್ಟನೆ ಏರುತ್ತದೆ. ಅಪಾಯ ಇರುವುದು ಇಲ್ಲೇ.

ಬ್ರ್ಯಾಂಡ್ ಯಾವುದು ಅಂತ ಕೇಳಿದ. ಅದಕ್ಕೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಸಾಮಾನ್ಯ ಪ್ರೆಸ್‌ಗಳೆಲ್ಲ ಒಂದೇ ಚೂಡಿ, ಅಂದರೆ ತಿರುಪಿನ ಎಳೆ, ಬಳಸುತ್ತವೆ, 7/8 ಇಂಚು, ಇಂಚಿಗೆ 14 ಸುತ್ತು. ಒಬ್ಬರ ಡೈ ಇನ್ನೊಬ್ಬರ ಪ್ರೆಸ್‌ಗೆ ಕೂರುತ್ತದೆ.

ಅವನ ರೂಮ್‌ಮೇಟ್ ಹತ್ತಿರ .22 ರೈಫಲಿನ ಖಾಲಿ ಕೇಸ್ ರಾಶಿ ಇದೆಯಂತೆ. ಅವಕ್ಕೆ ಯಾವ ಡೈಯೂ ಬೇಡ. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ಇದೇ ಸಣ್ಣ ತೋಟಾದಿಂದ. ಇದರಲ್ಲಿ ಕಿಡಿಯ ಮದ್ದು ತಳದ ಅಂಚಿನ ಒಳಗೇ ಇರುತ್ತದೆ. ಹೊಡೆತಕ್ಕೆ ಅಂಚೇ ಜಜ್ಜಿಹೋಗುತ್ತದೆ. ಮನೆಯಲ್ಲಿ ಮತ್ತೆ ತುಂಬುವಂಥದ್ದಲ್ಲ.

ಎರಡು ವಾರದ ಮೇಲೆ ಮತ್ತೆ ಫೋನ್ ಬಂತು. ಕಾರ್ಬೈಡಿನ ನಾಲ್ಕರ ಸೆಟ್ ತಂದಿದ್ದಾನೆ. ಮದ್ದು ಮುಟ್ಟುವ ಮೊದಲೇ, ನಾನು ಹೇಳಿದ ಹಾಗೆ, ಬರೀ ಕೇಸ್ ಮತ್ತು ಗುಂಡು ಕೂರಿಸಿ, ಪಿಸ್ತೂಲಿನಿಂದ ಬಿಚ್ಚಿದ ನಳಿಗೆಯೊಳಗೆ ಇಳಿಬಿಟ್ಟು ನೋಡಿದ್ದಾನೆ. ‘ಟಕ್’ ಅಂತ ಇಳಿಯಬೇಕು, ಬೆರಳಲ್ಲಿ ಸಲೀಸಾಗಿ ತಿರುಗಬೇಕು. ಮೊದಲ ಐದು ಇಳಿಯಲಿಲ್ಲವಂತೆ. ಕ್ರಿಂಪ್ ಡೈಯನ್ನು ಕಾಲು ಸುತ್ತು ಕೆಳಗೆ ಇಳಿಸಿದ ಮೇಲೆ ಆರನೆಯದು ಇಳಿಯಿತು.

‘ಮಾಮಾ, ಕೇಸ್ ಕಪ್ಪಾಗಿವೆ. ಹಿತ್ತಾಳೆ ಪಾತ್ರೆ ಬೆಳಗುವ ಪಾಲಿಶ್ ಹಚ್ಚಲಾ?’ ಅಂದ.

ತಡೆ, ಅಂದೆ. ಬ್ರಿಟಿಷರ ಕಾಲದಲ್ಲಿ ಇದೇ ನಮ್ಮ ದೇಶದಲ್ಲಿ ಒಂದು ವಿಚಿತ್ರ ನಡೆದಿತ್ತು. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳು ಯಾರೂ ಮುಟ್ಟದೆ ತಾವಾಗಿ ಬಿರುಕು ಬಿಡುತ್ತಿದ್ದವು. ಸರಿಯಾದ ಕಾರಣವನ್ನು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ವಿವರಿಸಿದರು. ಕುದುರೆ ಗಂಜಲದಿಂದ ಬರುವ ಅಮೋನಿಯಾ, ಜೊತೆಗೆ ತೇವ. ಎಳೆದು ಮಾಡಿದ ಹಿತ್ತಾಳೆಯೊಳಗೆ ಉಳಿದಿರುವ ಸೆಳೆತ. ಇವು ಸೇರಿದರೆ ಲೋಹದ ಕಣಗಳ ನಡುವಿನ ಗಡಿಯಲ್ಲಿ ಬಿರುಕು ಹರಿಯುತ್ತದೆ. ಮತ್ತೆ ಮತ್ತೆ ಹಿಂಡಿದ ಕೇಸಿನಲ್ಲೂ ಅಂಥ ಸೆಳೆತ ತುಂಬಿರುತ್ತದೆ. ಪಾತ್ರೆ ಬೆಳಗುವ ಕೆಲವು ಪಾಲಿಶ್‌ಗಳಲ್ಲಿ ಅಮೋನಿಯಾ ಇರುತ್ತದೆ.

ಕೈಯಲ್ಲಿದ್ದ ಬಾಟಲಿಯ ಹಿಂದಿನ ಚೀಟಿ ಓದು ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ‘ಇದೆ ಮಾಮಾ,’ ಅಂದ. ಅದನ್ನು ಅಡುಗೆಮನೆಯ ಸಿಂಕಿನ ಕೆಳಗೆ ಇಟ್ಟು, ಕೇಸ್‌ಗಳಿಗೆ ಒಣಗಿದ ಅಕ್ರೋಟ್ ಚಿಪ್ಪಿನ ಪುಡಿ ತರಲು ಹೋದ.