ಮನೆ ಜಗಳದ ವಿಡಿಯೊಗೆ ಅಂಕ ಕೊಡುವುದು: 90% ಒಮ್ಮತ ಯಾಕೆ ಸಾಲದು

ಅಪ್ಪ-ಅಮ್ಮ ಮತ್ತು ಹದಿಹರೆಯದ ಮಕ್ಕಳ ಜಗಳವನ್ನು ಅಳೆಯುವ ಪಾಠ ಓದುತ್ತಿರುವವರಿಗೆ ಈ ಟಿಪ್ಪಣಿ. ಪ್ರಶ್ನಾವಳಿಯ ಭಾಗ ಸುಲಭ. ಇಷ್ಯೂಸ್ ಚೆಕ್‌ಲಿಸ್ಟ್‌ನಲ್ಲಿ 44 ವಿಷಯಗಳಿವೆ: ಮನೆಗೆಲಸ, ಹೋಂವರ್ಕ್, ರಾತ್ರಿ ಎಷ್ಟೊತ್ತಿಗೆ ಮನೆ ಸೇರಬೇಕು, ಇಂಥವು. ಯಾವುದರ ಬಗ್ಗೆ ಮಾತು ಬಂತು, ಎಷ್ಟು ಸಲ, ಎಷ್ಟು ಸಿಟ್ಟು ಬಂತು ಅಂತ ಹೆತ್ತವರು, ಮಕ್ಕಳು ಬೇರೆ ಬೇರೆಯಾಗಿ ತುಂಬುತ್ತಾರೆ. ಅಷ್ಟೇ.

ಆದರೆ ಜಗಳದ ಬಗ್ಗೆ ಹೇಳುವುದೇ ಬೇರೆ, ಜಗಳ ಆಡುವುದೇ ಬೇರೆ, ಅಲ್ವಾ? ಅದಕ್ಕೇ ವಿಡಿಯೊ. ಅಮೆರಿಕದ ಅಯೋವಾದಲ್ಲಿ 1989ರಲ್ಲಿ ಶುರುವಾದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. 1980ರ ದಶಕದ ಕೃಷಿ ಬಿಕ್ಕಟ್ಟಿನಲ್ಲಿ ನಲುಗಿದ ಹಳ್ಳಿಗಾಡಿನ 451 ಕುಟುಂಬಗಳು, ಪ್ರತಿ ಮನೆಯಲ್ಲೂ ಏಳನೇ ತರಗತಿಯ ಒಂದು ಮಗು. ದುಡ್ಡಿನ ಕಷ್ಟ ಮನೆಯವರ ನಡವಳಿಕೆಗೆ ಏನು ಮಾಡುತ್ತದೆ ಅನ್ನುವುದು ಸಂಶೋಧಕರ ಪ್ರಶ್ನೆ. ಮನೆಯಲ್ಲೇ ಕ್ಯಾಮೆರಾ ಇಟ್ಟರು. ಮನೆಯವರೇ ತಕರಾರು ಅಂತ ಗುರುತಿಸಿದ್ದ ಒಂದು ವಿಷಯ ಕೊಟ್ಟು, ಮಾತಾಡಿ ಬಗೆಹರಿಸಿಕೊಳ್ಳಿ ಅಂದರು. ಆಮೇಲೆ ತರಬೇತಿ ಪಡೆದ ಕೋಡರ್‌ಗಳು ಟೇಪ್ ನೋಡಿ, ಯಾರು ಯಾರ ಜೊತೆ ಹೇಗೆ ನಡೆದುಕೊಂಡರು ಅಂತ 1ರಿಂದ 9ರವರೆಗೆ ಅಂಕ ಕೊಟ್ಟರು. ಅಮ್ಮ ಮಗನ ಮೇಲೆ ತೋರಿಸಿದ ಸಿಟ್ಟಿಗೆ ಒಂದು ಅಂಕ, ಮಗ ಅಮ್ಮನ ಮೇಲೆ ತೋರಿಸಿದ್ದಕ್ಕೆ ಇನ್ನೊಂದು.

ಕೋಡರ್ ಏನು ನೋಡುತ್ತಾರೆ? ಹೀಗೊಂದು ದೃಶ್ಯ ಊಹಿಸಿಕೊಳ್ಳಿ. ಅಮ್ಮ: "ಶನಿವಾರ ಹತ್ತಕ್ಕೆಲ್ಲ ಮನೇಲಿರು ಅಂದಿದ್ದೆ." ಮಗ: "ಸರಿ ಬಿಡಮ್ಮ." ಮಾತಿನಲ್ಲಿ ಒಪ್ಪಿಗೆ ಇದೆ. ಆದರೆ ಅದನ್ನು ಹೇಳುವಾಗ ಅವನು ಕಣ್ಣುಗುಡ್ಡೆ ಮೇಲೆ ಹೊರಳಿಸಿ, ಕುರ್ಚಿ ತಿರುಗಿಸಿ ಕೂತ. ಬರೀ ಮಾತು ಬರೆದಿಟ್ಟುಕೊಂಡರೆ ಇದು ಕೈತಪ್ಪುತ್ತದೆ. ದನಿ, ಮುಖ, ಕೂತ ಭಂಗಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. "ಪಾಪ, ಹುಡುಗನಿಗೆ ಸುಸ್ತಾಗಿರಬೇಕು" ಅನ್ನುವ ಊಹೆ ಮಾತ್ರ ಬರುವುದಿಲ್ಲ.

ಕಪ್ಪಾ: ಇಲ್ಲಿ ನಿಧಾನವಾಗಿ ಓದಿ

ಇಬ್ಬರು ಕೋಡರ್‌ಗಳ ಗುರುತು ಎಷ್ಟು ಕೂಡಿಬರುತ್ತದೆ ಅನ್ನುವುದನ್ನು, ಆಕಸ್ಮಿಕವಾಗಿ ಕೂಡಿಬರುವ ಪಾಲು ಕಳೆದು ಅಳೆಯುವ ಸಂಖ್ಯೆಯೇ ಕಪ್ಪಾ. ಕೆಲವು ಪದ್ಧತಿಗಳಲ್ಲಿ ಅಂಕದ ಬದಲು, ಟೇಪನ್ನು ಹತ್ತತ್ತು ಸೆಕೆಂಡಿನ ತುಂಡು ಮಾಡಿ ಪ್ರತಿ ತುಂಡಿಗೂ "ಸಿಟ್ಟು ಇದೆ" ಅಥವಾ "ಇಲ್ಲ" ಅಂತ ಗುರುತು ಹಾಕುತ್ತಾರೆ. ಇಬ್ಬರು ಕೋಡರ್‌ಗಳು ಒಂದೇ ಟೇಪ್ ನೋಡಿದರು, 100 ತುಂಡು ಅಂದುಕೊಳ್ಳಿ. 90ರಲ್ಲಿ ಇಬ್ಬರ ಗುರುತೂ ಒಂದೇ. ಕೇಳಲು ಚೆನ್ನಾಗಿದೆ. ಈಗ ಆ 90ನ್ನು ಬಿಡಿಸಿ ನೋಡಿ. 85 ತುಂಡಿನಲ್ಲಿ ಇಬ್ಬರೂ "ಇಲ್ಲ" ಅಂದರು. ಇಬ್ಬರೂ "ಇದೆ" ಅಂದದ್ದು ಬರೀ 5ರಲ್ಲಿ. ಉಳಿದ 10ರಲ್ಲಿ, 5ಕ್ಕೆ ಮೊದಲನೆಯವರು ಮಾತ್ರ "ಇದೆ" ಅಂದರು, ಇನ್ನು 5ಕ್ಕೆ ಎರಡನೆಯವರು ಮಾತ್ರ.

ಅಂದರೆ ಒಬ್ಬೊಬ್ಬರೂ 10 ಸಲ "ಇದೆ", 90 ಸಲ "ಇಲ್ಲ" ಅಂದಿದ್ದಾರೆ. ಇಬ್ಬರೂ ಟೇಪ್ ನೋಡದೆ ಸುಮ್ನೆ ಇದೇ ಪ್ರಮಾಣದಲ್ಲಿ ಗುರುತು ಹಾಕಿದ್ದರೂ ಎಷ್ಟು ಕೂಡಿಬರುತ್ತಿತ್ತು? "ಇಲ್ಲ"ಕ್ಕೆ 0.9 × 0.9 = 0.81, "ಇದೆ"ಗೆ 0.1 × 0.1 = 0.01. ಒಟ್ಟು 0.82! ಟೇಪ್ ನೋಡಿದ್ದರಿಂದ ಸಿಕ್ಕ ಲಾಭ 0.90 − 0.82 = 0.08. ಹೆಚ್ಚೆಂದರೆ ಸಿಗಬಹುದಾಗಿದ್ದ ಲಾಭ 1 − 0.82 = 0.18. ಭಾಗಿಸಿದರೆ ಕಪ್ಪಾ 0.44. ಮನೋವಿಜ್ಞಾನಿ ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಸೂತ್ರ ಇಷ್ಟೇ: ಸಿಕ್ಕ ಲಾಭ, ಭಾಗಿಸು ಸಿಗಬಹುದಾದ ಲಾಭ. ಈ ರೂಪದಲ್ಲಿ ನೆನಪಿಟ್ಟುಕೊಂಡರೆ ಪರೀಕ್ಷೆಯಲ್ಲಿ ಮರೆಯುವುದಿಲ್ಲ.

ಈಗ ಇನ್ನೊಂದು ಟೇಪ್. ಒಬ್ಬೊಬ್ಬರೂ 50 ಸಲ "ಇದೆ", 50 ಸಲ "ಇಲ್ಲ" ಅಂದರು, ಒಮ್ಮತ ಮತ್ತೆ 90. ಆಕಸ್ಮಿಕ ಒಮ್ಮತ 0.5, ಕಪ್ಪಾ 0.80. ಅದೇ 90%, ಆದರೆ ಎಷ್ಟು ವ್ಯತ್ಯಾಸ! ಬಹುತೇಕ ಮನೆಗಳ ಮಾತುಕತೆ ಮೊದಲನೆಯ ಟೇಪಿನಂತೆಯೇ ಇರುತ್ತದೆ. ಜಾಸ್ತಿ ಹೊತ್ತು ಸಾಧಾರಣ ಮಾತು, ಸಿಟ್ಟು ಆಗೊಮ್ಮೆ ಈಗೊಮ್ಮೆ. ನಮಗೆ ಬೇಕಾದದ್ದು ಆ ಸಿಟ್ಟಿನ ಗಳಿಗೆಗಳೇ. 0.44ಕ್ಕೆ ಪಠ್ಯಗಳು "ಮಧ್ಯಮ" ಅನ್ನುತ್ತವೆ. ನನ್ನ ಪ್ರಕಾರ ಅದು ತೀರಾ ಉದಾರ. ಯಾರಾದರೂ ಒಬ್ಬರಾದರೂ "ಇದೆ" ಅಂದ ತುಂಡು 15, ಇಬ್ಬರೂ ಒಪ್ಪಿದ್ದು 5, ಅಂದರೆ ಮೂರರಲ್ಲಿ ಒಂದು. ಯಾವ ಅಧ್ಯಯನ ಓದಿದರೂ ಮೊದಲು ಈ ಲೆಕ್ಕ ಹಾಕಿ ನೋಡಿ.

ಅಯೋವಾದ 1ರಿಂದ 9 ಅಂಕಗಳಿಗೆ ಮಾತ್ರ ಈ ಸಾದಾ ಕಪ್ಪಾ ಹೊಂದುವುದಿಲ್ಲ. ಒಬ್ಬರು 7, ಇನ್ನೊಬ್ಬರು 8 ಕೊಟ್ಟರೂ ತಪ್ಪು, 2 ಮತ್ತು 8 ಕೊಟ್ಟರೂ ಅಷ್ಟೇ ತಪ್ಪು ಅಂತ ಅದು ಎಣಿಸುತ್ತದೆ. ಅಲ್ಲಿ ಅಂಕಗಳ ಅಂತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಐಸಿಸಿ (ಇಂಟ್ರಾಕ್ಲಾಸ್ ಕೋರಿಲೇಶನ್ ಕೋಎಫಿಶಿಯೆಂಟ್) ಅನ್ನುವ ಅಳತೆ ಬಳಸಬೇಕು.