ಒಳ್ಳೆಯ ಬ್ಯಾಕ್ಟೀರಿಯಾ ಯಾವುದೆಂದು ಬೆಳ್ಳಿಗೆ ಹೇಗೆ ಗೊತ್ತಾಗಬೇಕು?

ಪ್ರಶ್ನೆ: ನ್ಯಾನೊ ಬೆಳ್ಳಿ ರೋಗಾಣುಗಳನ್ನು ಕೊಲ್ಲುತ್ತದಂತೆ. ಹಾಗಿದ್ದರೆ ಅದು ಮಣ್ಣಿಗೆ ಸೇರಿದರೆ ಒಳ್ಳೆಯದೇ ಅಲ್ಲವೇ? ಎರೆಹುಳುಗಳೂ ಸಾಯುವುದಿಲ್ಲವಲ್ಲ?

ಉತ್ತರ: ಇದಕ್ಕೆ ಎಷ್ಟನೇ ಸಲ ಉತ್ತರಿಸುತ್ತಿದ್ದೇನೋ, ಲೆಕ್ಕ ಇಟ್ಟಿಲ್ಲ. ಬೆಳ್ಳಿಗೆ ‘ರೋಗಾಣು’ ಎಂಬ ಪದವೇ ಗೊತ್ತಿಲ್ಲ.

ವಾಸನೆ ಬಾರದಿರಲೆಂದು ಕಾಲುಚೀಲಗಳಿಗೆ ಸೇರಿಸುವ ಬೆಳ್ಳಿಯ ಕಣಗಳು, ಅಂದರೆ ಈ ನ್ಯಾನೊ ಬೆಳ್ಳಿ, 1ರಿಂದ 100 ನ್ಯಾನೊಮೀಟರ್ ಗಾತ್ರದವು (ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು). ಒಗೆದಾಗ ಚರಂಡಿಗೆ ಹೋಗುತ್ತವೆ, ಕೊಳಚೆ ನೀರಿನ ಶುದ್ಧೀಕರಣ ಘಟಕದ ಕೆಸರಿನಲ್ಲಿ ಉಳಿಯುತ್ತವೆ, ಆ ಕೆಸರನ್ನು ಗೊಬ್ಬರವಾಗಿ ಹಾಕಿದರೆ ಹೊಲಕ್ಕೆ ಬರುತ್ತವೆ. ದಾರಿಯಲ್ಲಿ ಬಹುಪಾಲು ಬೆಳ್ಳಿ ಗಂಧಕದೊಡನೆ ಸೇರಿ ಸಿಲ್ವರ್ ಸಲ್ಫೈಡ್ ಆಗಿ ಅದರ ಹಲ್ಲು ಮೊಂಡಾಗುತ್ತದೆ, ಒಪ್ಪಿದೆ. ಆದರೆ ಉದುರುವುದಿಲ್ಲ.

ಈಗ ಆ ‘ಕೆಟ್ಟದ್ದನ್ನು ಮಾತ್ರ ಕೊಲ್ಲುತ್ತದೆ’ ಎಂಬ ಹಟಮಾರಿ ನಂಬಿಕೆಗೆ ಬರೋಣ. ಕಣದಿಂದ ಬೆಳ್ಳಿಯ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳು, ಬಿಡಿಸಿಕೊಂಡು ಬರುತ್ತವೆ. ಕಣ ಚಿಕ್ಕದಾದಷ್ಟೂ ಅಷ್ಟೇ ತೂಕಕ್ಕೆ ಮೇಲ್ಮೈ ಹೆಚ್ಚು, ಹಾಗಾಗಿ ಅಯಾನುಗಳೂ ಬೇಗ ಹೊರಬರುತ್ತವೆ. ಪ್ರೋಟೀನಿನಲ್ಲಿ ಗಂಧಕ ಸಿಕ್ಕಿದಲ್ಲಿ ಅವು ಅಂಟಿಕೊಂಡು ಅದರ ಕೆಲಸ ಕೆಡಿಸುತ್ತವೆ. ಅಂಥ ಪ್ರೋಟೀನು ರೋಗ ತರುವ ಬ್ಯಾಕ್ಟೀರಿಯಾದಲ್ಲಿದೆ, ಎಲೆ ಕೊಳೆಸುವುದರಲ್ಲಿದೆ, ಸಾರಜನಕವನ್ನು ಮಾರ್ಪಡಿಸುವುದರಲ್ಲೂ ಇದೆ. ಬೆಳ್ಳಿ ಯಾರ ಜಾತಕವನ್ನೂ ನೋಡುವುದಿಲ್ಲ. ತಾಳಿಕೊಂಡದ್ದು ಉಳಿಯುತ್ತದೆ, ಹಾಗೆ ಉಳಿದದ್ದು ಉಪಕಾರಿಯೇ ಆಗಿರಬೇಕೆಂದೇನಿಲ್ಲ. ಸಾಲದ್ದಕ್ಕೆ, ಲೋಹ ತಾಳಿಕೊಳ್ಳುವ ಜೀನು ಮತ್ತು ಆಂಟಿಬಯೋಟಿಕ್ ತಾಳಿಕೊಳ್ಳುವ ಜೀನು ಕೆಲವೊಮ್ಮೆ ಒಂದೇ ಪ್ಲಾಸ್ಮಿಡ್‌ನಲ್ಲಿ, ಅಂದರೆ ಬ್ಯಾಕ್ಟೀರಿಯಾದೊಳಗಿನ ಡಿಎನ್‌ಎಯ ಪುಟ್ಟ ಬಿಡಿ ಉಂಗುರದಲ್ಲಿ, ಇರುತ್ತವೆ. ಲೋಹದ ಕಾಟದಿಂದ ಮೊದಲನೆಯದು ಉಳಿದರೆ ಎರಡನೆಯದೂ ಬಿಟ್ಟಿಯಾಗಿ ಉಳಿಯುತ್ತದೆ. ಇದನ್ನು ಮಣ್ಣಿನ ಶುದ್ಧಿ ಎನ್ನುವುದಾದರೆ ನಾನು ಪಾಠ ಹೇಳುವುದನ್ನು ಬಿಡುವುದೇ ಮೇಲು.

ಎರೆಹುಳು ಸಾಯದಿರಬಹುದು. ಲೋಹವನ್ನು ಹಿಡಿದಿಡುವ ಮೆಟಲೋಥಯೋನೀನ್ ಎಂಬ ಪ್ರೋಟೀನು ಅದರ ಜೀವಕೋಶಗಳಲ್ಲಿದೆ. ಕರುಳಿನೊಳಗೆ ಒಕ್ಕಲಿರುವ ಬ್ಯಾಕ್ಟೀರಿಯಾಗಳಿಗೆ ಹುಳುವಿನ ಆ ಕವಚ ದಕ್ಕುವುದಿಲ್ಲ. ಆಮ್ಲಜನಕವಿಲ್ಲದ, ತೇವ ತುಂಬಿದ ಆ ಕರುಳಿನಲ್ಲಿ, ಹೊರಗೆ ಮಂಕಾಗಿದ್ದ ಬ್ಯಾಕ್ಟೀರಿಯಾಗಳು ಚುರುಕಾಗಿ ಕೆಲಸಕ್ಕಿಳಿಯುತ್ತವೆ. ಎರೆಹುಳುವಿನ ಪುಟ್ಟ ನಂಟನಾದ ಎನ್‌ಕಿಟ್ರೇಯಸ್ ಹುಳುವಿನಲ್ಲಿ, ಲೋಹದ ನ್ಯಾನೊ ಕಣಗಳು ಈ ಒಕ್ಕಲನ್ನು ಅದಲುಬದಲು ಮಾಡುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಹುಳುಗಳ ತಲೆ ಎಣಿಸುವವರಿಗೆ ಇದು ಕಾಣುವುದಿಲ್ಲ.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ತಿಂದ ಲೋಹವನ್ನು ಹೊರಹಾಕಲು ಮಣ್ಣಿನ ಪ್ರಾಣಿಗಳಿಗೆ ದಾರಿ ಇದೆಯೇ? ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ನೆಗೆಯುವ ಜೀವಿಗಿದೆ. ಅದು ದೊಡ್ಡದಾದ ಮೇಲೂ ಪೊರೆ ಕಳಚುತ್ತಲೇ ಇರುತ್ತದೆ; ಪ್ರತಿ ಸಲವೂ ನಡುಗರುಳಿನ ಒಳಪದರವೇ ಹೊಸದಾಗುತ್ತದೆ, ಹಳೆಯ ಪದರದಲ್ಲಿ ಕೂಡಿಟ್ಟ ಲೋಹ ಹೊರಗೆ. ನನಗಂತೂ ಇದು ಬಲು ಇಷ್ಟದ ಉಪಾಯ. ಒಂದೇ ತೊಡಕು, ಆ ಲೋಹ ಬೀಳುವುದು ಅದು ಮತ್ತೆ ಮೇಯಲಿರುವ ಮಣ್ಣಿಗೇ.